ಜಡೆಗಟ್ಟಿದ ಕೂದಲನ್ನು ಕತ್ತರಿಸದೆ ಬಿಡಿಸುವ ಕ್ರಮ

ಈ ತಿಂಗಳ ಪಾಠವು ತಲೆಗೂದಲಿನ ವಿಷಯವಾದದ್ದು. ಇದನ್ನು ಅಲ್ಪ ವಿಷಯವೆಂದು ಯಾರೂ ಎಣಿಸಬಾರದು. ಯಾಕಂದರೆ ರಾಯಚೂರು ಪಟ್ಟಣದ ಕೇರಿಗಳಲ್ಲಿಯೂ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಹುಡುಗಿಯ ತಲೆಯಲ್ಲಿ ಕೂದಲು ಗಂಟುಗಟ್ಟಿತೆಂಬ ಒಂದೇ ಕಾರಣದಿಂದ ಆಕೆಯ ಬಾಳೆಲ್ಲಾ ಬೇರೆ ದಾರಿಗೆ ತಿರುಗುವ ಭಯವುಂಟು. ಅಂಥ ಜಡೆಯನ್ನು ಹೊತ್ತು ಬಾಳಿದ ಸ್ತ್ರೀಯರು ನಮ್ಮ ಸಭೆಗಳ ನೆರೆಹೊರೆಯಲ್ಲಿಯೂ ಕೆಲವೆಡೆ ನಮ್ಮ ಬಂಧುಬಳಗದಲ್ಲಿಯೂ ಇದ್ದಾರೆ. ಅವರಲ್ಲಿ ಅನೇಕರಿಗೆ ಜಡೆ ಬೇಡ. ಆದರೆ ಕತ್ತರಿಯ ಭಯವೂ ಬೋಳುತಲೆಯ ನಾಚಿಕೆಯೂ ಅವರನ್ನು ತಡೆಯುತ್ತವೆ. ಹೀಗಿರುವದರಿಂದ ಕೂದಲನ್ನು ಉಳಿಸಿಕೊಂಡು ಜಡೆಯನ್ನು ಬಿಡಿಸುವದು ಹೇಗೆಂಬದನ್ನು ನಾವೆಲ್ಲರೂ ಕಲಿಯತಕ್ಕದ್ದು.

೧. ಜಡೆ ಎಂದರೇನು?

ಜಡೆ ಎಂಬ ಮಾತಿಗೆ ಎರಡು ಅರ್ಥಗಳುಂಟು. ಕೂದಲನ್ನು ಬಾಚಿ, ಮೂರೆಳೆ ಮಾಡಿ ಹೆಣೆದು ಹೂ ಮುಡಿಯುವ ಜಡೆಯು ಒಂದು. ಅದನ್ನು ಸಂಜೆಗೆ ಬಿಚ್ಚಿ ಬೆಳಿಗ್ಗೆ ಮತ್ತೆ ಹೆಣೆಯಬಹುದು. ಈ ಪಾಠದ ಜಡೆಯು ಅದಲ್ಲ. ಕೂದಲು ಒಂದಕ್ಕೊಂದು ಸುತ್ತಿಕೊಂಡು, ಹಗ್ಗದಂತೆಯೋ ಕಂಬಳಿಯ ತುಂಡಿನಂತೆಯೋ ಗಟ್ಟಿಯಾಗಿ, ಹಣಿಗೆಯ ಹಲ್ಲು ಹೋಗದಂತಾದ ಜಡೆಯ ಮಾತನ್ನು ನಾವು ಆಡುತ್ತೇವೆ. ಇದನ್ನೇ ನಮ್ಮ ಸೀಮೆಯವರು ಜಡಿ ಎನ್ನುವರು; ಪುಸ್ತಕದ ಭಾಷೆಯಲ್ಲಿ ಜಟೆ.

ಲೋಕದಲ್ಲಿ ಕೆಲವರು ಇಂಥ ಜಡೆಯನ್ನು ತಾವಾಗಿಯೇ ಬೆಳೆಸಿಕೊಳ್ಳುತ್ತಾರೆ. ಉತ್ತರ ದೇಶದ ಸಾಧುಗಳೂ, ೧೯೩೦ರ ದಶಕದಲ್ಲಿ ಜಮೈಕಾ ದ್ವೀಪದಲ್ಲಿ ಹುಟ್ಟಿದ ರಾಸ್ತಫಾರಿ ಎಂಬ ಮತದವರೂ ಅಂಥವರು. ಪಟ್ಟಣದ ಯೌವನಸ್ಥರು ಅಲಂಕಾರಕ್ಕೆಂದು ಕಟ್ಟಿಸಿಕೊಳ್ಳುವದೂ ಉಂಟು. ತನ್ನ ಇಷ್ಟದಿಂದ ಇಟ್ಟುಕೊಂಡವರ ಸಂಗಡ ನಮಗೆ ವಾದವಿಲ್ಲ. ಆದರೆ ನಮ್ಮ ನಾಡಿನಲ್ಲಿ ಜಡೆಯು ಹೆಣ್ಣುಮಕ್ಕಳ ಇಷ್ಟವನ್ನು ಕೇಳದೆ ಅವರ ತಲೆಯ ಮೇಲೆ ಕೂತುಕೊಳ್ಳುತ್ತದೆ. ಬೆಳಗಾವಿ ಜಿಲ್ಲೆಯ ಸವದತ್ತಿಯ ಗುಡ್ಡದಲ್ಲಿ ಪೂಜೆಗೊಳ್ಳುವ ಯಲ್ಲಮ್ಮನು ಆ ಕೂದಲಿನಲ್ಲಿ ಬಂದಿದ್ದಾಳೆಂದು ಹಿರಿಯರು ಹೇಳುವರು. ಆ ದಿವಸದಿಂದ ಅದಕ್ಕೆ ಹಣಿಗೆ ಮುಟ್ಟಿಸಬಾರದು, ಭಂಡಾರ ಹಚ್ಚಬೇಕು, ಮಂಗಳವಾರ ಶುಕ್ರವಾರ ಪೂಜಿಸಬೇಕು.

೨. ಕೂದಲು ಗಂಟುಗಟ್ಟುವದು ಹೇಗೆ?

ಮನುಷ್ಯನ ತಲೆಯಲ್ಲಿ ಸುಮಾರು ೧,೦೦,೦೦೦ ಕೂದಲುಗಳಿವೆ. ಒಂದೊಂದು ಕೂದಲು ತಿಂಗಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್, ಅಂದರೆ ಅರ್ಧ ಅಂಗುಲಕ್ಕೆ ತುಸು ಕಡಿಮೆ ಬೆಳೆಯುತ್ತದೆ. ಕೆಲವು ವರುಷ ಬೆಳೆದ ಮೇಲೆ ಉದುರಿ, ಅದೇ ಬೇರಿನಲ್ಲಿ ಹೊಸದು ಹುಟ್ಟುತ್ತದೆ. ಆರೋಗ್ಯವಾಗಿರುವವನ ತಲೆಯಿಂದಲೂ ದಿನಕ್ಕೆ ೫೦ರಿಂದ ೧೦೦ ಕೂದಲು ಉದುರುವದು ಸಹಜ. ನಾವು ದಿನಾಲು ಬಾಚಿಕೊಳ್ಳುವದರಿಂದ ಉದುರಿದ ಕೂದಲು ಹಣಿಗೆಗೆ ಬರುತ್ತದೆ. ಬಾಚದವನ ತಲೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ಉಳಿದ ಕೂದಲಿಗೆ ಸುತ್ತಿಕೊಂಡು ಅಲ್ಲಿಯೇ ನಿಲ್ಲುತ್ತದೆ.

ಇನ್ನೊಂದು ಸಂಗತಿಯನ್ನು ತಿಳಿಯಿರಿ. ಕೂದಲು ಕಣ್ಣಿಗೆ ನುಣುಪಾಗಿ ಕಂಡರೂ ಅದರ ಮೇಲ್ಮೈಯಲ್ಲಿ ಮೀನಿನ ಹುರುಪೆಯಂಥ ಬಹು ಸಣ್ಣ ಪದರುಗಳಿವೆ. ಅವು ಮನೆಯ ಮೇಲಣ ಹಂಚಿನಂತೆ ಒಂದರ ಮೇಲೊಂದು ಹೊಂದಿಕೊಂಡು ತುದಿಯ ಕಡೆಗೆ ಮುಖಮಾಡಿರುತ್ತವೆ. ಕೂದಲನ್ನು ನೆನೆಸಿ, ತಲೆಯ ಮೇಲೆ ಗುಡ್ಡೆ ಮಾಡಿ ತಿಕ್ಕಿದರೆ ಈ ಪದರುಗಳು ಎದ್ದು ಒಂದಕ್ಕೊಂದು ಸಿಕ್ಕಿಬೀಳುತ್ತವೆ. ಕುರಿಯ ಉಣ್ಣೆಯನ್ನು ಬಿಸಿನೀರಿನಲ್ಲಿ ತಿಕ್ಕಿದರೆ ಅದು ಕುಗ್ಗಿ ಒತ್ತಾಗುವದನ್ನು ನಮ್ಮ ಕುರುಬರು ಬಲ್ಲರು. ಜಡೆಯಾಗುವದೂ ಹಾಗೆಯೇ. ಅದರಲ್ಲಿ ಗುಟ್ಟಿಲ್ಲ, ಮಾಯವಿಲ್ಲ.

ಇದಕ್ಕೆ ದಾರಿ ಮಾಡುವ ಸಂದರ್ಭಗಳು ಅನೇಕ. ಹೆಂಗಸು ಬಾಣಂತಿಯಾಗಿ ಮಲಗಿದಾಗ, ತಿಂಗಳುಗಟ್ಟಲೆ ಜ್ವರ ಕಾಯಿದಾಗ, ಮನಸ್ಸು ಕೆಟ್ಟು ತನ್ನ ಮೈಯ ಚಿಂತೆಯೇ ಇಲ್ಲದಾದಾಗ ತಲೆ ಬಾಚುವವರಿರುವದಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ ಬೆಳಗಾಗುವ ಮುಂಚೆ ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಬರುವ ತಾಯಿಗೆ ಮಗಳ ತಲೆ ನೋಡುವದಕ್ಕೆ ಬಿಡುವೆಲ್ಲಿ? ಬೆವರು, ಧೂಳು, ಹೇನು ಕೂಡಿದರೆ ಗಂಟು ಇನ್ನೂ ಬೇಗ ಬೀಳುವದು. ಮೊದಲ ಗಂಟು ಹೀಗೆ ತಾನಾಗಿ ಬೀಳುತ್ತದೆ. ಆಮೇಲೆ “ತಾಯಿ ಬಂದಿದ್ದಾಳೆ, ಹಣಿಗೆ ಮುಟ್ಟಿಸಬೇಡಿರಿ” ಎಂಬ ಮಾತು ಅದನ್ನು ದೊಡ್ಡ ಜಡೆಯನ್ನಾಗಿ ಮಾಡುತ್ತದೆ. ಭಂಡಾರವೂ ಎಣ್ಣೆಯೂ ಸೇರಿ ಅದನ್ನು ಗಾರೆಯಂತೆ ಬಿಗಿಯುತ್ತವೆ.

೩. ಭಯದ ಬೇರು ಎಲ್ಲಿದೆ?

ಜಡೆ ಬಂದ ಹುಡುಗಿಯನ್ನು ದೇವತೆಯು ತನಗಾಗಿ ಆರಿಸಿಕೊಂಡಳೆಂದು ಎಣಿಸಿ, ಆಕೆಗೆ ಮುತ್ತು ಕಟ್ಟಿ ದೇವದಾಸಿಯನ್ನಾಗಿ ಬಿಡುವ ರೂಢಿ ಈ ನಾಡಿನಲ್ಲಿ ಬಹುಕಾಲ ನಡೆಯಿತು. ಹಾಗೆ ಬಿಟ್ಟವರಲ್ಲಿ ಬಹುಮಂದಿ ಹೊಲೆಯ, ಮಾದಿಗ ಮೊದಲಾದ ಬಡ ಕುಲಗಳವರ ಮಕ್ಕಳು. ಅವರಿಗೆ ಮದುವೆಯಿಲ್ಲ, ಅವರ ಮಕ್ಕಳಿಗೆ ತಂದೆಯ ಹೆಸರಿಲ್ಲ.

ಇದನ್ನು ನಿಲ್ಲಿಸುವದಕ್ಕೆ ಮುಂಬಯಿ ಸರಕಾರವು ೧೯೩೪ರಲ್ಲಿಯೂ ಮದ್ರಾಸ್ ಸರಕಾರವು ೧೯೪೭ರಲ್ಲಿಯೂ ಕಾಯಿದೆಗಳನ್ನು ಮಾಡಿದವು. ಆದಕಾರಣ ಬೆಳಗಾವಿ, ಧಾರವಾಡ, ವಿಜಾಪುರಗಳಿಗೂ ಬಳ್ಳಾರಿಗೂ ಕಾಯಿದೆಯ ಆಸರೆ ದೊರೆಯಿತು. ರಾಯಚೂರು ಸೀಮೆಯಾದರೋ ೧೯೪೮ರ ವರೆಗೆ ನಿಜಾಮರ ಕೈಯಲ್ಲಿದ್ದುದರಿಂದ ಆ ಕಾಯಿದೆಗಳು ಇಲ್ಲಿಗೆ ಮುಟ್ಟಲಿಲ್ಲ. ೧೯೫೬ರ ನವೆಂಬರ್ ೧ರಂದು ಈ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ೧೯೮೨ರಲ್ಲಿ ಕರ್ನಾಟಕದ ಶಾಸನಸಭೆಯು ಇಡೀ ರಾಜ್ಯಕ್ಕೆ ಸಲ್ಲುವ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆಯನ್ನು ಮಾಡಿತು. ಹುಡುಗಿಯನ್ನು ಬಿಡುವದು ಇಂದು ದಂಡನೆಗೆ ಗುರಿಯಾದ ಅಪರಾಧ; ಹೆತ್ತವರೇ ಮಾಡಿದರೂ ಅಪರಾಧವೇ. ಆದರೂ ಸರಕಾರವು ೧೯೯೩–೯೪ರಲ್ಲಿ ಲೆಕ್ಕ ಮಾಡಿಸಿದಾಗ ರಾಜ್ಯದಲ್ಲಿ ೨೨,೮೭೩ ದೇವದಾಸಿಯರು ಕಂಡುಬಂದರು. ೨೦೦೭–೦೮ರಲ್ಲಿ ಮತ್ತೆ ೨೩,೭೮೭ ಮಂದಿಯ ಹೆಸರುಗಳು ಬರೆಯಲ್ಪಟ್ಟವು. ಕಾಯಿದೆಯು ಕೈಯನ್ನು ತಡೆಯಬಲ್ಲದು. ಮನಸ್ಸಿನ ಭಯವನ್ನು ತೆಗೆಯುವ ಕೆಲಸ ನೆರೆಹೊರೆಯವರದು.

“ಜಡಿ ಕಡದ್ರ ತಾಯಿ ಮುನಿತಾಳವ್ವಾ, ಕಣ್ಣು ಹೋಗ್ತಾವು, ಮನ್ಯಾಗ ಸಾವಾಗ್ತೈತಿ” ಎಂದು ಮುದುಕಿಯರು ಹೇಳುವದನ್ನು ನಾವು ಕೇಳುತ್ತೇವೆ. ಅಂಥ ಮಾತಿಗೆ ನಗಬಾರದು. ಅದು ಮೊಮ್ಮಗಳ ಮೇಲಣ ಪ್ರೀತಿಯಿಂದ ಬಂದ ಮಾತು. ಸಮಾಧಾನವಾಗಿ ಹೀಗೆ ವಿವರಿಸಿರಿ: ಕೂದಲಿನ ಬೇರಿಗೆ ಜೀವವುಂಟು, ಚರ್ಮದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಅದರಲ್ಲಿ ರಕ್ತವಿಲ್ಲ, ನರವಿಲ್ಲ. ಉಗುರನ್ನು ತೆಗೆದರೆ ನೋವಾಗದಿರುವಂತೆ ಕೂದಲನ್ನು ತೆಗೆದರೂ ನೋವಾಗದು. ಕಣ್ಣಿಗಾಗಲಿ ಮೆದುಳಿಗಾಗಲಿ ಅದರಿಂದ ಯಾವ ದಾರಿಯೂ ಇಲ್ಲ. ಜಡೆ ತೆಗೆದ ತಿಂಗಳಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಜನರು ಜಡೆಯನ್ನು ದೂರುವರು. ಆದರೆ ಜಡೆಯಿಲ್ಲದ ಮನೆಗಳಲ್ಲಿಯೂ ಅದೇ ತಿಂಗಳಲ್ಲಿ ಜ್ವರ ಬಂದಿರುವದನ್ನು ಯಾರು ಎಣಿಸಿದರು?

೪. ಪೋಲೆಂಡ್ ದೇಶದ ದೃಷ್ಟಾಂತ

ಈ ಭಯವು ನಮ್ಮ ದೇಶದ್ದು ಮಾತ್ರವಲ್ಲ. ಯುರೋಪ ಖಂಡದ ಪೋಲೆಂಡಿನಲ್ಲಿ ನೂರಾರು ವರುಷ ಇದೇ ಭಯವಿತ್ತು, ಅದೂ ಕ್ರೈಸ್ತರೆನಿಸಿಕೊಂಡ ರೈತರಲ್ಲಿ. ಜಡೆಗೆ ಅವರು ಕೊವ್ಟೂನ್ ಎಂದು ಹೆಸರಿಟ್ಟಿದ್ದರು. ಮೈಯೊಳಗಿನ ರೋಗವು ಹೊರಗೆ ಬಂದು ಕೂದಲಿನಲ್ಲಿ ಸೇರಿಕೊಂಡಿದೆ, ಅದನ್ನು ಕತ್ತರಿಸಿದರೆ ರೋಗವು ತಿರಿಗಿ ಒಳಗೆ ಹೋಗಿ ಮನುಷ್ಯನು ಕುರುಡನೋ ಹುಚ್ಚನೋ ಆಗುವನು ಎಂದು ನಂಬಿದ್ದರು. ವೈದ್ಯರು ಇಂದಿಗೂ ಜಡೆಗಟ್ಟುವದನ್ನು ಪ್ಲೈಕಾ ಪೊಲೊನಿಕಾ, ಅಂದರೆ ಪೋಲೆಂಡಿನ ಜಡೆ ಎಂದು ಕರೆಯುವದು ಇದರಿಂದಲೇ.

ಕ್ರಾಕೋವ್ ಪಟ್ಟಣದಲ್ಲಿ ಯೂಸೆಫ್ ಡೀಟ್ಲ್ (೧೮೦೪–೧೮೭೮) ಎಂಬ ವೈದ್ಯರಿದ್ದರು. ಅವರು ಇಂಥ ರೋಗಿಗಳನ್ನು ಪರೀಕ್ಷಿಸಿ, ಇದು ರೋಗವಲ್ಲ, ಕೂದಲನ್ನು ತೊಳೆಯದೆ ಬಾಚದೆ ಬಿಟ್ಟದ್ದರ ಫಲವೆಂದು ತೋರಿಸಿ, ಜಡೆ ತೆಗೆಯುವಂತೆ ಜನರಿಗೆ ಬೋಧಿಸಿದರು. ಮುಂದೆ ಅವರು ಅದೇ ಪಟ್ಟಣದ ನಗರಾಧ್ಯಕ್ಷರೂ ಆದರು. ಶಾಲೆ, ಸಾಬೂನು, ವೈದ್ಯರು ಹಳ್ಳಿಗಳಿಗೆ ಮುಟ್ಟಿದ ಹಾಗೆ ಜಡೆಯು ಆ ದೇಶದಿಂದ ಮರೆಯಾಯಿತು, ಕತ್ತರಿಸಿಕೊಂಡವರು ಕುರುಡರಾಗಲಿಲ್ಲ.

ನಮ್ಮ ಸಮೀಪದಲ್ಲಿಯೂ ಇಂಥ ಕೆಲಸ ನಡೆದಿದೆ. ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರರು ೧೯೮೯ರಲ್ಲಿ ಸ್ಥಾಪಿಸಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಪುಣೆ ಮೊದಲಾದ ಕಡೆಗಳಲ್ಲಿ ಸ್ತ್ರೀಯರ ಮನವೊಲಿಸಿ ಜಡೆ ತೆಗೆದಿದ್ದಾರೆ. ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ಕೂಡಿ ಕಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯೂ ಉಂಟು. ತಾನೇ ಆ ಭಾರವನ್ನು ಹೊತ್ತವಳ ಮಾತು ಇನ್ನೊಬ್ಬಳ ಹೃದಯಕ್ಕೆ ಬೇಗ ಮುಟ್ಟುತ್ತದೆ.

೫. ಕೈಹಚ್ಚುವ ಮುಂಚೆ ವಿಚಾರಿಸತಕ್ಕವುಗಳು

ಮೊದಲನೆಯದು, ಆಕೆಯ ಮನಸ್ಸು. ಪ್ರಾಯದ ಸ್ತ್ರೀಯು ತಾನೇ “ತೆಗೆಯಿರಿ” ಎನ್ನುವ ವರೆಗೆ ಯಾರೂ ಮುಟ್ಟಬಾರದು. ಗಂಡನ ಅಪ್ಪಣೆ, ಅತ್ತೆಯ ಅಪ್ಪಣೆ, ಉಪದೇಶಿಯ ಅಪ್ಪಣೆ ಇವು ಆಕೆಯ ಒಪ್ಪಿಗೆಗೆ ಬದಲಾಗಲಾರವು. ಅರ್ಧ ಬಿಡಿಸಿದ ಮೇಲೆ ಭಯಪಟ್ಟು “ಸಾಕು” ಎಂದರೆ ಅಲ್ಲಿಗೇ ನಿಲ್ಲಿಸಿರಿ.

ಎರಡನೆಯದು, ನೆತ್ತಿಯ ಚರ್ಮ. ಜಡೆಯ ಬುಡವನ್ನು ಬೆಳಕಿನಲ್ಲಿ ನೋಡಿರಿ. ಹುಣ್ಣು, ಕೀವು, ಕೆಟ್ಟ ವಾಸನೆ, ಹುಳು, ಕುತ್ತಿಗೆಯ ಹಿಂದೆ ಗಂಟು, ಜ್ವರ ಇವುಗಳಲ್ಲಿ ಒಂದಾದರೂ ಕಂಡರೆ ಮೊದಲು ವೈದ್ಯರ ಬಳಿಗೆ ಹೋಗತಕ್ಕದ್ದು. ದೇವದುರ್ಗದಲ್ಲಿಯೂ ಮಾನ್ವಿಯಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಿವೆ. ರಾಯಚೂರಿನಲ್ಲಿ ರಿಮ್ಸ್ ಎಂಬ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯುಂಟು.

ಮೂರನೆಯದು, ಹೇನು. ಹೇನಿದ್ದರೆ ಔಷಧದ ಅಂಗಡಿಯಲ್ಲಿ ಸಿಕ್ಕುವ, ನೂರಕ್ಕೆ ೧ ಪಾಲಿನ ಪರ್ಮೆಥ್ರಿನ್ ದ್ರಾವಣವನ್ನು ಹಚ್ಚಿ, ೧೦ ನಿಮಿಷಗಳಾದ ಮೇಲೆ ತೊಳೆದು, ೭ರಿಂದ ೧೦ ದಿವಸಗಳಲ್ಲಿ ಮತ್ತೊಮ್ಮೆ ಹಚ್ಚಬೇಕು. ಮನೆಯವರ ತಲೆಗಳನ್ನೂ ಅದೇ ದಿವಸ ನೋಡಬೇಕು. ಹತ್ತಿಯ ಹೊಲಕ್ಕೆ ಸಿಂಪಡಿಸುವ ವಿಷವನ್ನು ಹೇನಿಗೆಂದು ತಲೆಗೆ ಹಚ್ಚಬೇಡಿರಿ. ಅದು ಚರ್ಮದ ಮೂಲಕ ಮೈಯೊಳಗೆ ಇಳಿದು ಪ್ರಾಣವನ್ನೇ ತೆಗೆಯಬಲ್ಲದು. ಸೀಮೆಎಣ್ಣೆಯೂ ಬೇಡ, ಅದು ಚರ್ಮವನ್ನು ಸುಡುತ್ತದೆ, ಒಲೆಯ ಕಿಡಿ ಹಾರಿದರೆ ತಲೆಯೇ ಹೊತ್ತಿಕೊಳ್ಳುವದು.

ನಾಲ್ಕನೆಯದು, ಜಡೆಯ ವಯಸ್ಸು. ಕೆಲವು ತಿಂಗಳ ಜಡೆಯು ಒಂದೆರಡು ದಿವಸಗಳಲ್ಲಿ ಬಿಚ್ಚಿಕೊಳ್ಳಬಹುದು. ಒಂದೆರಡು ವರುಷದ್ದು ತಾಳ್ಮೆಯಿಂದ ಬಿಡುವದು. ಹತ್ತಿಪ್ಪತ್ತು ವರುಷ ಭಂಡಾರ ಕುಡಿದು ಕಟ್ಟಿಗೆಯಂತಾದದ್ದು ಪೂರ್ಣವಾಗಿ ಬಿಡುವದು ಅಪರೂಪ. ಇದನ್ನು ಮೊದಲೇ ಹೇಳಿಬಿಡಿರಿ. ಆಗದ ಮಾತನ್ನು ಕೊಡಬೇಡಿರಿ.

೬. ಬೇಕಾದ ಸಾಮಾನುಗಳು

ಬೆಚ್ಚಗಿನ ನೀರು ಬೇಕಾದಷ್ಟು. ಕೊಳವೆಬಾವಿಯ ಗಡುಸು ನೀರಿನಲ್ಲಿ ಸಾಬೂನು ನೊರೆಗಟ್ಟದೆ ಕೂದಲಿಗೆ ಜಿಗಟಾಗಿ ಹತ್ತುವದರಿಂದ ಸಾಬೂನನ್ನು ಬಿಟ್ಟು ಶಾಂಪೂ ತಕ್ಕೊಳ್ಳಿರಿ. ಕಾಲುವೆಯ ನೀರಾಗಲಿ ಮಳೆಯ ನೀರಾಗಲಿ ಇದ್ದರೆ ಅದನ್ನು ಕಾಯಿಸಿಕೊಳ್ಳಬಹುದು. ಕೊಬ್ಬರಿ ಎಣ್ಣೆ ಅರ್ಧ ಸೇರು. ಇದು ಬೇರೆ ಅನೇಕ ಎಣ್ಣೆಗಳಿಗಿಂತ ಕೂದಲಿನೊಳಗೆ ಚೆನ್ನಾಗಿ ಇಳಿಯುತ್ತದೆ. ಅಂಗಡಿಯಲ್ಲಿ ಕಂಡಿಷನರ್ ಎಂದು ಮಾರುವ ಬಿಳಿಯ ಲೇಪವು ದೊರೆತರೆ ಬಹಳ ಒಳ್ಳೆಯದು. ಅದು ಎದ್ದ ಪದರುಗಳನ್ನು ಮಲಗಿಸಿ ಕೂದಲನ್ನು ಜಾರುವಂತೆ ಮಾಡುವದು. ಉಣ್ಣೆ ಹೆಣೆಯುವ ಕಡ್ಡಿ, ಇಲ್ಲವೆ ಮೊನೆಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದ ದಬ್ಬಣ. ಬಿರುಸಾದ ಅಗಲ ಹಲ್ಲಿನ ಹಣಿಗೆ ಒಂದು, ಸಣ್ಣ ಹಲ್ಲಿನದು ಒಂದು. ಬಟ್ಟೆಯ ಪಟ್ಟಿಗಳು, ಹಳೆಯ ಹತ್ತಿಯ ಸೀರೆಯ ತುಂಡು, ಒಂದು ಕತ್ತರಿ. ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಸಮಯ. ಹತ್ತಿ ಬಿಡಿಸುವ ಕೆಲಸ ಮುಗಿದು, ಬಿಸಿಲು ಏರುವ ಮುಂಚಿನ ದಿವಸಗಳು ಇದಕ್ಕೆ ಅನುಕೂಲ.

೭. ಬಿಡಿಸುವ ಕ್ರಮ

ಮೊದಲನೆಯ ಹೆಜ್ಜೆ ತೊಳೆಯುವದು. ಜಡೆಯಲ್ಲಿ ಕಟ್ಟಿದ ಕವಡೆ, ದಾರ, ಮಣಿ ಇದ್ದರೆ ಬಿಚ್ಚಿ ಆಕೆಯ ಕೈಗೇ ಕೊಡಿರಿ, ಎಸೆಯಬೇಡಿರಿ. ಬೆಚ್ಚಗಿನ ನೀರಿನಲ್ಲಿ ಜಡೆಯನ್ನು ಅರ್ಧ ತಾಸು ನೆನೆಸಿ, ಶಾಂಪೂ ಹಾಕಿ, ಬಟ್ಟೆ ಹಿಂಡುವಂತೆ ಮೇಲಿನಿಂದ ಕೆಳಕ್ಕೆ ಒತ್ತುತ್ತಾ ಹೋಗಿರಿ. ತಿಕ್ಕಬೇಡಿರಿ, ತಿಕ್ಕಿದರೆ ಗಂಟು ಹೆಚ್ಚಾಗುವದು. ಹಳದಿ ನೀರು ಹೋಗಿ ತಿಳಿನೀರು ಬರುವ ತನಕ ಮೂರು ನಾಲ್ಕು ಸಾರಿ ಹೀಗೆ ಮಾಡಿರಿ. ಕೊಳೆ ಉಳಿದಿರುವಾಗ ಎಣ್ಣೆ ಹಾಕಿದರೆ ಎರಡೂ ಕೂಡಿ ಅಂಟಾಗುವದರಿಂದ ತೊಳೆಯುವದೇ ಮುಂಚೆ ಆಗತಕ್ಕದ್ದು.

ಎರಡನೆಯದು ಮೆತ್ತಗೆ ಮಾಡುವದು. ನೀರನ್ನು ಒತ್ತಿ ತೆಗೆದು, ಜಡೆಯು ಇನ್ನೂ ಹಸಿಯಾಗಿರುವಾಗಲೇ ಕಂಡಿಷನರನ್ನಾಗಲಿ ಕೊಬ್ಬರಿ ಎಣ್ಣೆಯನ್ನಾಗಲಿ ಬೆರಳುಗಳಿಂದ ಒಳಗೆ ಇಳಿಸಿ, ಬಟ್ಟೆ ಸುತ್ತಿ ಒಂದು ತಾಸು ಬಿಡಿರಿ. ಗಟ್ಟಿ ಜಡೆಯಾದರೆ ಎಣ್ಣೆ ಹಚ್ಚಿ ರಾತ್ರಿಯೆಲ್ಲಾ ಬಿಡಬಹುದು. ಎಣ್ಣೆಯ ತಲೆಯವಳನ್ನು ಒಲೆಯ ಬಳಿಗೆ ಕಳುಹಿಸಬೇಡಿರಿ.

ಮೂರನೆಯದು ಸೀಳುವದು. ಹಲವು ಜಡೆಗಳಿದ್ದರೆ ಒಂದನ್ನು ಮಾತ್ರ ಹೊರಗೆ ಇಟ್ಟು ಉಳಿದವುಗಳನ್ನು ಬಟ್ಟೆಯ ಪಟ್ಟಿಯಿಂದ ಹಿಂದಕ್ಕೆ ಕಟ್ಟಿರಿ. ಎಲ್ಲವೂ ಕೂಡಿ ಒಂದೇ ಹಲಗೆಯಂತಾಗಿದ್ದರೆ ತುದಿಯಿಂದ ಮೇಲಕ್ಕೆ ಬೆರಳುಗಳಿಂದಲೂ ಕಡ್ಡಿಯಿಂದಲೂ ಮೆಲ್ಲಗೆ ಸೀಳಿ, ಹೆಬ್ಬೆರಳ ಗಾತ್ರದ ಪಾಲುಗಳನ್ನು ಮಾಡಿಕೊಳ್ಳಿರಿ.

ನಾಲ್ಕನೆಯದು ಬಿಡಿಸುವದು. ಇದರಲ್ಲಿ ಒಂದೇ ನಿಯಮವನ್ನು ನೆನಪಿಡಿರಿ: ತುದಿಯಿಂದ ಬುಡಕ್ಕೆ ಹೋಗಬೇಕು, ಬುಡದಿಂದ ತುದಿಗೆ ಬರಬಾರದು. ಬುಡದಲ್ಲಿ ಹಣಿಗೆ ಹಾಕಿ ಎಳೆದವನು ಕೆಳಗಿನ ಗಂಟುಗಳನ್ನು ಇನ್ನೂ ಬಿಗಿಯುತ್ತಾನೆ. ತುದಿಯು ಮುದ್ದೆಯಾಗಿ ಮುಚ್ಚಿಕೊಂಡಿದ್ದರೆ ಆಕೆಯನ್ನು ಕೇಳಿ ಒಂದಂಗುಲ ತುದಿಯನ್ನು ಕತ್ತರಿಸಬಹುದು. ಆಗ ಚೀಲದ ಬಾಯಿ ಬಿಚ್ಚಿದಂತೆ ಜಡೆಯು ತೆರೆದುಕೊಳ್ಳುವದು. ಬೇಡವೆಂದರೆ ಹಾಗೆಯೇ ಮುಂದುವರಿಸಿರಿ. ಎಡಗೈಯಿಂದ ಗಂಟಿನ ಮೇಲ್ಭಾಗವನ್ನು ಬಿಗಿಯಾಗಿ ಹಿಡಿಯಿರಿ, ಆಗ ಎಳೆತವು ನೆತ್ತಿಗೆ ಮುಟ್ಟದು. ಬಲಗೈಯಿಂದ ಕಡ್ಡಿಯ ಮೊನೆಯನ್ನು ಗಂಟಿನೊಳಗೆ ಹೊಗಿಸಿ, ನಾಲ್ಕಾರು ಕೂದಲನ್ನು ಪಕ್ಕಕ್ಕೆ ಎತ್ತಿ ಬಿಡಿಸಿರಿ, ಕೆಳಕ್ಕೆ ಜಗ್ಗಬೇಡಿರಿ. ಬೆರಳಗಲ ಬಿಡಿಸಿದ ಮೇಲೆ ಅಗಲ ಹಣಿಗೆಯಿಂದ ಅಷ್ಟನ್ನೇ ಬಾಚಿ, ಆಮೇಲೆ ಇನ್ನೊಂದು ಬೆರಳಗಲ ಮೇಲಕ್ಕೆ ಹೋಗಿರಿ. ಒಣಗಿದರೆ ಮತ್ತೆ ಎಣ್ಣೆ ಹಚ್ಚಿರಿ.

ಹೀಗೆ ಒಂದು ಪಾಲು ಬಿಡಿಸುವದಕ್ಕೆ ಅರ್ಧ ತಾಸಿನಿಂದ ಕೆಲವು ತಾಸುಗಳ ವರೆಗೆ ಹಿಡಿಯಬಹುದು. ಇಬ್ಬರು ಸ್ತ್ರೀಯರು ಎರಡು ಕಡೆಗಳಲ್ಲಿ ಕೂತು ಮಾಡಿದರೆ ಒಳ್ಳೆಯದು. ದಿನಕ್ಕೆ ಮೂರು ನಾಲ್ಕು ತಾಸು ಸಾಕು. ಕುತ್ತಿಗೆ ನೊಂದರೆ ನಿಲ್ಲಿಸಿರಿ. ಬಿಡಿಸಿದ ಪಾಲನ್ನು ಕೂಡಲೆ ಸಡಿಲಾಗಿ ಹೆಣೆದು ಕಟ್ಟಿರಿ. ಹಾಗೆ ಬಿಟ್ಟರೆ ಪಕ್ಕದ ಜಡೆಗೆ ಸುತ್ತಿಕೊಂಡು ಮಾಡಿದ ಕೆಲಸವೆಲ್ಲಾ ಕೆಡುವದು.

ಬಿಡಿಸುವಾಗ ಕೈತುಂಬ ಕೂದಲು ಬರುವದನ್ನು ಕಂಡು ಆಕೆಯೂ ನೀವೂ ಹೆದರಬೇಡಿರಿ. ಲೆಕ್ಕವನ್ನು ಮಾಡಿ ತೋರಿಸಿರಿ. ದಿನಕ್ಕೆ ೫೦ ಕೂದಲು ಉದುರಿದರೆ ವರುಷಕ್ಕೆ ೧೮,೨೫೦ ಆಗುತ್ತವೆ; ಎರಡು ವರುಷಕ್ಕೆ ೩೬,೫೦೦. ಇವುಗಳಲ್ಲಿ ಅರ್ಧ ಮಾತ್ರ ಜಡೆಯಲ್ಲಿ ಉಳಿದಿದ್ದರೂ ಅದು ದೊಡ್ಡ ಉಂಡೆಯಾಗುವದು. ಇವೆಲ್ಲಾ ಆಗಲೇ ಬೇರು ಬಿಟ್ಟಿದ್ದ ಕೂದಲುಗಳು. ಬೇರಿನಲ್ಲಿರುವ ಕೂದಲು ಇನ್ನೂ ತಲೆಯಲ್ಲಿಯೇ ಇದೆ. ಆದರೆ ಎಳೆದಾಗ ನೆತ್ತಿ ನೊಂದರೆ ಅದು ಜೀವದ ಬೇರು. ಅಲ್ಲಿ ಕೈಯನ್ನು ಹಗುರ ಮಾಡಿರಿ.

೮. ಕತ್ತರಿಯು ಬೇಕಾದಾಗ

ಮೂರು ದಿವಸ ದುಡಿದರೂ ಬೆರಳಗಲ ಬಿಡದ ಜಡೆಯುಂಟು. ಆಗಲೂ ತಲೆ ಬೋಳಿಸಬೇಕೆಂಬದಿಲ್ಲ. ಜಡೆಯ ಬುಡವನ್ನು ನೋಡಿರಿ: ಈಚೆಗೆ ಬೆಳೆದ ಕೂದಲು ಅನೇಕ ಸಾರಿ ಅಲ್ಲಿ ಸಡಿಲಾಗಿಯೇ ಇರುತ್ತದೆ. ಆರು ತಿಂಗಳ ಬೆಳೆ ಬಿಡಿಯಾಗಿದ್ದರೆ ಅದು ಎರಡು ಅಂಗುಲಕ್ಕಿಂತ ಹೆಚ್ಚು. ಬಿಡಿಯಾದ ಭಾಗವನ್ನೂ ಮೇಲೆ ಬಿಡಿಸಲಿಕ್ಕೆ ಸಾಧ್ಯವಾದ ಭಾಗವನ್ನೂ ಉಳಿಸಿ, ಅದರ ಕೆಳಗೆ ಮಾತ್ರ ಕತ್ತರಿಸಿರಿ. ಇನ್ನೊಂದು ದಾರಿಯೂ ಉಂಟು. ಜಡೆಯನ್ನು ಅಡ್ಡಲಾಗಿ ಕತ್ತರಿಸದೆ ಕತ್ತರಿಯ ಮೊನೆಯಿಂದ ಉದ್ದಕ್ಕೆ ಸೀಳಿದರೆ ಕೆಲವು ಕೂದಲು ಕತ್ತರಿಸಿ ಹೋದರೂ ಮಿಕ್ಕವು ಉದ್ದವಾಗಿ ಉಳಿಯುತ್ತವೆ.

ಆಕೆಯು ತಾನೇ “ಕಡಿದುಬಿಡಿರಿ, ಹಗುರಾಗಲಿ” ಎಂದರೆ ಹಾಗೆಯೇ ಮಾಡಿರಿ. ತಲೆಯ ಮೇಲೆ ಒದ್ದೆಯಾದರೆ ದಿನವಿಡೀ ಒಣಗದ, ಕುತ್ತಿಗೆಯನ್ನು ಜಗ್ಗುವ ಭಾರವನ್ನು ಎಷ್ಟೋ ವರುಷ ಹೊತ್ತವಳಿಗೆ ಆ ಹಗುರವೇ ದೊಡ್ಡ ಸುಖ. ಒಂದು ವರುಷದಲ್ಲಿ ಕೂದಲು ನಾಲ್ಕರಿಂದ ಆರು ಅಂಗುಲ ತಿರಿಗಿ ಬೆಳೆಯುವದು. ತೆಗೆದ ಜಡೆಯನ್ನು ಏನು ಮಾಡಬೇಕೆಂಬದನ್ನು ಆಕೆಯೇ ಹೇಳಲಿ.

೯. ಬಿಡಿಸಿದ ಮೇಲೆ

ಕೊನೆಯ ದಿವಸ ತಲೆಗೆ ನೀರೆರೆದು ಎಣ್ಣೆಯ ಜಿಡ್ಡನ್ನು ತೆಗೆಯಿರಿ. ಕೂದಲು ತೆಳ್ಳಗಾಗಿಯೂ ತುದಿಗಳು ಸೀಳಿಯೂ ಕಂಡರೆ ಒಂದೆರಡು ಬೆರಳು ಸಮಮಾಡಿರಿ. ಒದ್ದೆ ಕೂದಲು ಬೇಗ ಹರಿಯುವದರಿಂದ ಅಗಲ ಹಣಿಗೆಯಿಂದ ಮೆಲ್ಲಗೆ ಬಾಚಿರಿ. ಒಂದು ತಿಂಗಳು ಬಿಗಿಯಾದ ಜಡೆ ತುರುಬುಗಳು ಬೇಡ. ದಿನಾಲು ಬಾಚುವದೂ, ವಾರಕ್ಕೆ ಒಂದೆರಡು ಸಾರಿ ತೊಳೆಯುವದೂ, ಮಲಗುವಾಗ ಸಡಿಲಾಗಿ ಹೆಣೆದು ಕಟ್ಟುವದೂ ಇರಲಿ. ಅಂಗೈಯಗಲ ಬರಿದಾದ ಚರ್ಮವು ಕಂಡರೆ ವೈದ್ಯರಿಗೆ ತೋರಿಸಿರಿ.

೧೦. ಸಭೆಯವರು ಮಾಡತಕ್ಕದ್ದು

ಸ್ತ್ರೀಗೆ ಕೂದಲು ಮಾನವಾದದ್ದೆಂಬ ಅಭಿಪ್ರಾಯವನ್ನು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ನಾವು ಓದಿದ್ದೇವೆ. ನಮ್ಮ ಹಳ್ಳಿಗಳಲ್ಲಿಯೂ ಕೂದಲಿಲ್ಲದ ಹೆಂಗಸನ್ನು ವಿಧವೆಯೋ ಅಪರಾಧಿಯೋ ಎಂಬಂತೆ ನೋಡುವವರಿದ್ದಾರೆ. ಆದಕಾರಣ ಜಡೆ ತೆಗೆಯುವ ಕೆಲಸವನ್ನು ಕೂಟದ ಮುಂದೆ ನೋಟವನ್ನಾಗಿ ಮಾಡಬಾರದು. ಚಿತ್ರ ತೆಗೆದು ಹಂಚಬಾರದು. ಒಳಮನೆಯಲ್ಲಿ, ಆಕೆಗೆ ಬೇಕಾದ ಇಬ್ಬರು ಮೂವರು ಸ್ತ್ರೀಯರ ಮಧ್ಯದಲ್ಲಿ ಆಗಲಿ. ಜಡೆಯಿದ್ದವಳನ್ನು ಜಡೆಯ ನಿಮಿತ್ತ ಆರಾಧನೆಯಿಂದಾಗಲಿ ಊಟದ ಪಂಕ್ತಿಯಿಂದಾಗಲಿ ದೂರವಿಡುವದು ತಪ್ಪು.

ಇನ್ನೊಂದನ್ನು ಮರೆಯಬೇಡಿರಿ. ಪಡ್ಡಲಗಿ ಹೊತ್ತು ಮನೆಮನೆಗೆ ಹೋಗುವ ಜೋಗತಿಗೆ ಜಡೆಯೇ ಅನ್ನದ ದಾರಿಯೂ ಆಗಿರುತ್ತದೆ. ಜಡೆ ಹೋದರೆ ಮಂಗಳವಾರ ಶುಕ್ರವಾರದ ಜೋಳದ ಹಿಟ್ಟೂ ಹೋಗುವದು. ಆಕೆಯ ತಲೆಯನ್ನು ಹಗುರ ಮಾಡಿ ಹೊಟ್ಟೆಯನ್ನು ಬರಿದು ಮಾಡುವದು ಉಪಕಾರವಲ್ಲ. ಸರಕಾರದ ಲೆಕ್ಕದಲ್ಲಿ ಹೆಸರಿರುವ ಮಾಜಿ ದೇವದಾಸಿಯರಿಗೆ ಮಾಸಾಶನವು ಸಲ್ಲುತ್ತದೆ. ಮಹಿಳಾ ಅಭಿವೃದ್ಧಿ ನಿಗಮದವರ ಬಳಿಗೆ ಆಕೆಯನ್ನು ಕರೆದುಕೊಂಡು ಹೋಗಿ ವಿಚಾರಿಸಿರಿ. ಹೊಲಿಗೆ, ಹೈನು, ಕೂಲಿ ಇವುಗಳಲ್ಲಿ ಯಾವದಕ್ಕೆ ಆಕೆಗೆ ಮನಸ್ಸಿದೆಯೋ ಅದಕ್ಕೆ ಕೈಹಿಡಿಯಿರಿ.

ಕಡೆಯದಾಗಿ ಚಿಕ್ಕ ಹುಡುಗಿಯರ ಮಾತು. ಅವರ ವಿಷಯದಲ್ಲಿ ತಡಮಾಡಬಾರದು. ಮೊದಲ ಗಂಟು ಕಂಡ ಸಂಜೆಯೇ ಒಂದು ಬಟ್ಟಲು ಎಣ್ಣೆ, ಒಂದು ಹಣಿಗೆ, ಒಂದು ತಾಸು ಸಾಕು. ತಾಯಿಗೆ ಬಿಡುವಿಲ್ಲದಿದ್ದರೆ ನೆರೆಯ ಸಹೋದರಿಯು ಆಕೆಯ ಒಪ್ಪಿಗೆ ಪಡೆದು ಆ ಮಗುವನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಬಾಚಲಿ. ಜಡೆಯ ನೆಪದಿಂದ ಹುಡುಗಿಯನ್ನು ಬಿಡುವ ಸುದ್ದಿಯು ಕಿವಿಗೆ ಬಿದ್ದರೆ ಕೂಡಲೆ ೧೦೯೮ ಎಂಬ ಮಕ್ಕಳ ಸಹಾಯದ ದೂರವಾಣಿಗೆ ತಿಳಿಸಿರಿ. ಅದಕ್ಕೆ ಹಣ ಕೊಡಬೇಕಾದದ್ದಿಲ್ಲ. ಅಂಗನವಾಡಿಯವರಿಗೂ ಶಾಲೆಯ ಉಪಾಧ್ಯಾಯರಿಗೂ ಹೇಳಿರಿ. ಗಂಟು ಹಳೆಯದಾದಷ್ಟು ಬಿಡಿಸುವದು ಕಠಿಣ. ಕೂದಲಿನದೂ ಹಾಗೆಯೇ, ಭಯದ್ದೂ ಹಾಗೆಯೇ.

ಸ್ತ್ರೀಯರ ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಬಾಚದ ತಲೆಯಲ್ಲಿ ಉದುರಿದ ಕೂದಲು ಏನಾಗುತ್ತದೆ? ಒಂದು ವರುಷದ ಲೆಕ್ಕವನ್ನು ಹೇಳಿರಿ.

೨. ಎಣ್ಣೆ ಹಚ್ಚುವ ಮುಂಚೆ ಜಡೆಯನ್ನು ಯಾಕೆ ತೊಳೆಯಬೇಕು? ತಿಕ್ಕಬಾರದೇಕೆ?

೩. ಬಿಡಿಸುವ ಕೆಲಸವನ್ನು ತುದಿಯಿಂದ ಯಾಕೆ ಆರಂಭಿಸಬೇಕು? ಎಡಗೈಯ ಕೆಲಸವೇನು?

೪. ಹೇನಿಗೆಂದು ಹೊಲದ ಔಷಧವನ್ನು ಹಚ್ಚಿದರೆ ಏನಾಗುವದು?

೫. ಪೋಲೆಂಡಿನ ರೈತರ ಭಯಕ್ಕೂ ನಮ್ಮ ಸೀಮೆಯ ಭಯಕ್ಕೂ ಹೋಲಿಕೆಯೇನು?

೬. ಜಡೆ ತೆಗೆದುಕೊಂಡ ಸಹೋದರಿಯು ಮುಂದಿನ ಮಂಗಳವಾರ ಏನು ಉಣ್ಣುವಳು? ಈ ಪ್ರಶ್ನೆಗೆ ನಿಮ್ಮ ಊರಿನ ಸಭೆಯು ಕೊಡುವ ಉತ್ತರವೇನು?